ಬಟ್ಟಲಿನ ತಳದ ಮೀನು

ನಮ್ಮ ಊರಿನಲ್ಲಿ ಜಗಳವಾಡಿದವರು ಮಾತು ಬಿಡುವುದಿಲ್ಲ, ಊಟ ಬಿಡುತ್ತಾರೆ. ಮಾತು ಬಿಟ್ಟರೆ ನಾಲ್ಕು ದಿನಕ್ಕೆ ತಾನಾಗಿ ಸರಿಹೋಗುತ್ತದೆ. ಊಟ ಬಿಟ್ಟರೆ ಹಾಗಲ್ಲ. ಒಬ್ಬರ ಜೊತೆ ಕಡೆಯ ಸಲ ಕೂತು ಉಂಡು ವರ್ಷ ತುಂಬಿತೆಂದರೆ, ಮಾರನೆಯ ಬೆಳಗ್ಗೆ ಏಳುವಾಗ ಆ ಮನುಷ್ಯ ತಲೆಯಲ್ಲಿ ಇರುವುದಿಲ್ಲ. ಮುಖ, ಹೆಸರು, ಆಡಿದ ಮಾತು, ಕೊಟ್ಟ ಕಾಟ, ಎಲ್ಲ ಒರೆಸಿದ ಹಲಗೆ. ಯಾರಾದರೂ 'ನಿನಗೊಬ್ಬ ತಮ್ಮ ಇದ್ದಾನೆ ಕಣಯ್ಯ' ಎಂದರೆ, ಪಕ್ಕದ ಬೀದಿಯ ಸುದ್ದಿ ಕೇಳಿದ ಹಾಗೆ 'ಹೌದಾ' ಎನ್ನಬೇಕು, ಅಷ್ಟೆ.

ಇಲ್ಲಿ ಹುಟ್ಟಿದವರಿಗೆ ಇದು ದೊಡ್ಡ ವಿಷಯವೇನಲ್ಲ. ಮಗಳನ್ನು ದೂರಕ್ಕೆ ಕೊಟ್ಟವರು ಗಡುವು ಬರುವ ಮೊದಲೇ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಮದುವೆಯ ಊಟಕ್ಕೆ ನೆಂಟರು ಹೊಟ್ಟೆ ಕೆಟ್ಟಿದ್ದರೂ ಬರುತ್ತಾರೆ, ಎಲೆಯ ಮುಂದೆ ಕೂತು ಒಂದು ತುತ್ತು ತಿಂದು ಏಳುತ್ತಾರೆ. ನಮ್ಮ ಹಿಂದಿನ ಬೀದಿಯ ಅಣ್ಣತಮ್ಮಂದಿರಿಬ್ಬರು ಒಂದು ಗೋಡೆಯ ವಿಷಯಕ್ಕೆ ಜಗಳವಾಡಿ ಊಟ ಬಿಟ್ಟರು, ವರ್ಷ ತುಂಬಿತು, ಮರೆತರು. ಈಗ ಅದೇ ಗೋಡೆಗೆ ಒರಗಿಕೊಂಡು ಸಂಜೆ ಹೊತ್ತು ಇಸ್ಪೀಟು ಆಡುತ್ತಾರೆ. 'ಒಳ್ಳೆ ಮನುಷ್ಯ, ಈಚೆಗೆ ಪರಿಚಯವಾಯಿತು' ಎಂದು ಒಬ್ಬರನ್ನೊಬ್ಬರು ಹೊಗಳುತ್ತಾರೆ. ಬೀದಿಯವರು ಯಾರೂ ಬಾಯಿ ಬಿಟ್ಟಿಲ್ಲ.

ನಾನೂ ಒಬ್ಬನನ್ನು ಮರೆಯಲು ಕಾಯುತ್ತಿದ್ದೆ. ಮಧುಕರ, ನನ್ನ ಗಂಡನಾಗಿದ್ದವನು. ಅವನು ಹೊಡೆಯುವವನಲ್ಲ, ಕುಡಿಯುವವನಲ್ಲ. ಅಂಥವನನ್ನು ಬಿಟ್ಟು ಬಂದರೆ ಜನಕ್ಕೆ ಅರ್ಥ ಮಾಡಿಸುವುದು ಕಷ್ಟ. ನನ್ನ ನಗು ಸ್ವಲ್ಪ ವಿಚಿತ್ರ. ನಕ್ಕು ಮುಗಿಸುವಾಗ ಉಸಿರನ್ನು ಒಳಕ್ಕೆ ಎಳೆದುಕೊಂಡು ಕೈಪಂಪಿನ ಹಾಗೆ ಸದ್ದು ಮಾಡುತ್ತೇನೆ. ಮಧುಕರ ಅದನ್ನು ಅಣಕಿಸುತ್ತಿದ್ದ. ಮೊದಲು ಮನೆಯಲ್ಲಿ, ಆಮೇಲೆ ನೆಂಟರ ಮುಂದೆ, ಆಮೇಲೆ ಹೋದ ಹೋದ ಕಡೆಯಲ್ಲೆಲ್ಲ. ಬಹಳ ಚೆನ್ನಾಗಿ ಮಾಡುತ್ತಿದ್ದ, ಅದೇ ಕಷ್ಟ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ನಗುವುದನ್ನೇ ಬಿಟ್ಟೆ. ನಾನು ನಗದಿದ್ದರೂ ಅವನು ಅಣಕಿಸುವುದನ್ನು ಬಿಡಲಿಲ್ಲ.

ಅವನ ಜೊತೆ ನಾನು ಕಡೆಯದಾಗಿ ಉಂಡದ್ದು ಗೆಳತಿ ಕುಮುದಾಳ ಮನೆಯಲ್ಲಿ, ಒಂದು ಹೋಳಿಗೆ ಊಟದ ದಿನ. ಕುಮುದಾ ಮತ್ತು ನಾನು ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವಳ ಗಂಡ ತಮ್ಮಯ್ಯ ಶಾಲೆಯ ಬಸ್ಸು ಓಡಿಸುತ್ತಿದ್ದ. ದೊಡ್ಡ ದೇಹ, ಸಣ್ಣ ದನಿ. ನಾನು ಅವನನ್ನು ತಮ್ಮಣ್ಣ ಎನ್ನುತ್ತಿದ್ದೆ. ಅವತ್ತು ಎರಡನೆಯ ಹೋಳಿಗೆ ಬಡಿಸುವ ಹೊತ್ತಿಗೆ ಮಧುಕರ ನನ್ನ ನಗುವನ್ನು ಶುರು ಮಾಡಿದ. ಸಾಲಿನಲ್ಲಿ ಕೂತವರೆಲ್ಲ ನಕ್ಕರು. ತಮ್ಮಣ್ಣ ನಗಲಿಲ್ಲ. ತುಪ್ಪದ ಕೈಯನ್ನು ಎಲೆಯ ಮೇಲೆ ಹಾಗೇ ಇಟ್ಟುಕೊಂಡು, "ನಗು ಅವಳದು ಕಣಯ್ಯಾ. ನೀನ್ಯಾಕೆ ಇಟ್ಕೊಂಡಿದ್ದೀಯ? ವಾಪಸ್ ಕೊಡು" ಎಂದ. ಗದರಲಿಲ್ಲ, ಎರವಲು ಪಡೆದ ಕೊಡೆಯನ್ನು ಕೇಳುವ ಹಾಗೆ ಕೇಳಿದ. ಆ ಸಂಜೆ ನಾನು ಮಧುಕರನ ಹಿಂದೆ ಮನೆಗೆ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ.

ಆ ರಾತ್ರಿ ತಮ್ಮಣ್ಣ ಹೊಟ್ಟೆ ಭಾರವಾಗಿದೆ ಎಂದು ಊಟ ಬಿಟ್ಟು ಮಲಗಿದನಂತೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಸ್ಸು ಹತ್ತಿದ. ಅರ್ಧ ದಾರಿಯಲ್ಲಿ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆರಿಸಿ, ಸ್ಟಿಯರಿಂಗ್ ಮೇಲೆ ತಲೆ ಇಟ್ಟವನು ಮತ್ತೆ ಎತ್ತಲಿಲ್ಲ. ಮಕ್ಕಳಿಗೆ ಒಂದು ಗೀರು ಕೂಡ ಆಗಿರಲಿಲ್ಲ.

ಹೀಗಾಗಿ ಒಂದೇ ಸಾಲಿನಲ್ಲಿ ಕೂತು ಉಂಡ ನಮಗೆಲ್ಲ ಒಂದೇ ಗಡುವು. ಯಾವ ಬೆಳಗ್ಗೆ ನನಗೆ ಮಧುಕರನಿಂದ ಬಿಡುಗಡೆಯೋ ಅದೇ ಬೆಳಗ್ಗೆ ಕುಮುದಾಳಿಗೆ ಅವಳ ಗಂಡ ಇಲ್ಲವಾಗುತ್ತಿದ್ದ. ನನಗೂ ತಮ್ಮಣ್ಣ ಹೋಗುತ್ತಿದ್ದ. ನನಗೆ ಅದು ಗೊತ್ತಿತ್ತು, ಅದರ ಬಗ್ಗೆ ಹೆಚ್ಚು ಯೋಚಿಸಬಾರದೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಕುಮುದಾಳಿಗೆ ಮಧುಕರನ ಲೆಕ್ಕ ಹೊಳೆದೇ ಇರಲಿಲ್ಲ. ತನ್ನ ದುಃಖವೇ ಬೆಟ್ಟದಷ್ಟಿದ್ದಾಗ ಗೆಳತಿಯ ಕ್ಯಾಲೆಂಡರ್ ನೋಡಲು ಯಾರಿಗೆ ಪುರುಸೊತ್ತು?

ಗಡುವಿನ ದಿನ ಬೆಳಗ್ಗೆ ಅವಳು ನನ್ನ ಬಾಗಿಲಿಗೆ ಬಂದಳು. ಮದುವೆಗೆ ಹೊರಟವಳ ಹಾಗೆ ಸೀರೆ ಉಟ್ಟಿದ್ದಳು.

"ರಾಮೆನ್ ಅಂಗಡಿಗೆ ಹೋಗೋಣ ಕಣೇ" ಎಂದಳು. "ಮಧ್ಯಾಹ್ನದ ಊಟಕ್ಕೆ. ಜೊತೆಗೆ ನೀನು ಬೇಕು."

ನಮ್ಮ ಊರಿನ ರಾಮೆನ್ ಅಂಗಡಿಯ ವಿಷಯ ಇಲ್ಲಿ ಹೇಳಬೇಕು. ರಾಮೆನ್ ಎಂದರೆ ಬಟ್ಟಲು ತುಂಬ ಮೂಳೆಯ ಸಾರು, ಅದರಲ್ಲಿ ಮುಳುಗಿಸಿದ ಶಾವಿಗೆ. ಅದನ್ನು ಇಟ್ಟವರು ಜಪಾನಿನಿಂದ ಬಂದವರು. ಈಗ ನಡೆಸುತ್ತಿರುವ ಸುಮಿಕೊ ಆ ಮನೆಯ ಮಗಳು, ಇಲ್ಲೇ ಬೆಳೆದವಳು, ಊರಿಗೆಲ್ಲ ಸುಮಿಯಮ್ಮ. ಅಲ್ಲಿನ ಸಾರಿನ ಹಂಡೆಯನ್ನು ಅವಳ ತಾತನ ಕಾಲದಿಂದ ಒಮ್ಮೆಯೂ ಪೂರ್ತಿ ಖಾಲಿ ಮಾಡಿಲ್ಲ. ದಿನವೂ ತಳದಲ್ಲಿ ಒಂದಿಷ್ಟು ಉಳಿಸುತ್ತಾರೆ, ಬೆಳಗ್ಗೆ ಅದಕ್ಕೇ ಹೊಸ ಮೂಳೆ, ಹೊಸ ನೀರು ಹಾಕಿ ಕುದಿಸುತ್ತಾರೆ. ನಿನ್ನೆಯದು ಇವತ್ತಿನದಕ್ಕೆ ರುಚಿ ಕೊಡುತ್ತದೆ, ಇವತ್ತಿನದು ನಾಳೆಯದಕ್ಕೆ. ಅವರ ಭಾಷೆಯಲ್ಲಿ ಈ ಪದ್ಧತಿಗೆ 'ಮರಳಿ ಕರೆಯುವುದು' ಎನ್ನುತ್ತಾರಂತೆ. ಅಷ್ಟು ಸಾಕಲ್ಲ ನಮ್ಮ ಊರಿನವರಿಗೆ? ಆ ಹಂಡೆಯಿಂದ ಉಂಡವರೆಲ್ಲ ಒಂದೇ ಪಂಕ್ತಿಯಲ್ಲಿ ಉಂಡ ಹಾಗೆ, ಹತ್ತು ವರ್ಷದ ಹಿಂದೆ ಉಂಡು ಸತ್ತವರೂ ಆ ಪಂಕ್ತಿಯಲ್ಲಿ ಕೂತೇ ಇರುತ್ತಾರೆ ಎಂಬ ನಂಬಿಕೆ ಬೆಳೆಯಿತು. ಸತ್ತವರ ಗಡುವು ಬಂದಾಗ ಜನ ಅಲ್ಲಿಗೆ ಹೋಗಿ ಉಂಡು ಬರತೊಡಗಿದರು. ಅದಕ್ಕೆ ಇಬ್ಬರು ಬೇಕು, ಸತ್ತವರನ್ನು ಬಲ್ಲ ಇಬ್ಬರು. ಒಂಟಿಯಾಗಿ ಬಂದವರನ್ನು ಸುಮಿಯಮ್ಮ ವಾಪಸ್ ಕಳಿಸುತ್ತಾಳೆ. "ಒಬ್ಬರೇ ಹಿಡ್ಕೊಂಡ್ರೆ ಅದು ನೆನಪಲ್ಲ, ಹಟ" ಎನ್ನುತ್ತಾಳೆ. ಇಬ್ಬರೂ ಸಾರನ್ನು ಕಡೆಯ ತೊಟ್ಟಿನವರೆಗೆ ಕುಡಿಯಬೇಕು. ಬಟ್ಟಲಿನ ತಳದಲ್ಲಿ ಒಂದು ನೀಲಿ ಮೀನು ಬರೆದಿದೆ, ಅದು ಪೂರ್ತಿ ಕಾಣಬೇಕು.

ಅದು ನಿಜವಾಗಿ ಕೆಲಸ ಮಾಡುತ್ತದೋ ಇಲ್ಲವೋ ಯಾರಿಗೂ ಖಾತ್ರಿಯಿಲ್ಲ. ಮಾಡಿತು ಎನ್ನುವವರು ಸಿಗುತ್ತಾರೆ. ಮಾಡಲಿಲ್ಲ ಎನ್ನುವವರು ಸಿಗುವುದು ಹೇಗೆ? ಮರೆತವರಿಗೆ ತಾವು ಯಾರನ್ನು ಮರೆತೆವೆಂಬುದೇ ಗೊತ್ತಿರುವುದಿಲ್ಲ.

ಆದರೆ ಆ ಪಂಕ್ತಿಗೆ ಸತ್ತವರು, ಬದುಕಿದವರು ಎಂಬ ಭೇದವಿಲ್ಲ. ಮಧುಕರನಿಗೆ ಆ ಅಂಗಡಿ ಎಂದರೆ ಪ್ರಾಣ, ವಾರದಲ್ಲಿ ಮೂರುನಾಲ್ಕು ದಿನ ಅವನ ಊಟ ಅಲ್ಲೇ. ಅದಕ್ಕೇ ನಾನು ವರ್ಷವಿಡೀ ಆ ಬೀದಿಯ ಕಡೆ ತಲೆ ಹಾಕಿರಲಿಲ್ಲ. ಹಂಡೆಯ ಮಹಿಮೆ ನಿಜವಾದರೆ, ಅಲ್ಲಿ ಒಂದು ಬಟ್ಟಲು ಕುಡಿದ ಕೂಡಲೇ ಮಧುಕರ ಇನ್ನೊಂದು ವರ್ಷ ನನ್ನ ತಲೆಯಲ್ಲಿ ಮನೆ ಮಾಡುತ್ತಾನೆ. ಸುಳ್ಳಾದರೆ ಕುಮುದಾಳಿಗೆ ತಮ್ಮಣ್ಣ ಇಲ್ಲ. ಅವಳಿಗೆ ಒಳ್ಳೆಯದಾಗಲಿ ಎಂದು ಹಾರೈಸಿದರೆ ನನಗೆ ನಾನೇ ಶಾಪ ಹಾಕಿಕೊಂಡ ಹಾಗೆ. ಬಾಯಲ್ಲಿ ಬಿಸಿ ತುಪ್ಪ ಎನ್ನುತ್ತಾರಲ್ಲ, ಹಾಗಾಯಿತು.

"ಇಷ್ಟು ದಿನ ಯಾಕೆ ಹೋಗ್ಲಿಲ್ಲ ನೀನು?" ಎಂದೆ.

"ಹೋಗಿ, ಅದು ಸುಳ್ಳು ಅಂತ ಗೊತ್ತಾದ್ರೆ ಏನು ಮಾಡ್ಲಿ ಅಂತ ಹೆದರಿಕೆ. ಇನ್ನು ಹೆದರೋಕೂ ದಿನ ಇಲ್ಲ. ಅವರ ಕಡೆಯವರು ಯಾರೂ ಈ ಊರಲ್ಲಿಲ್ಲ, ನಿನ್ನಷ್ಟು ಅವರನ್ನ ಬಲ್ಲೋರು ಇನ್ಯಾರಿದ್ದಾರೆ?"

ಹೊರಟೆ. ಮಧ್ಯಾಹ್ನದ ಹೊತ್ತು ಆ ಅಂಗಡಿಯ ಗದ್ದಲ ಕೇಳಬೇಕೆ? ಬೀದಿಯ ತಿರುವಿನವರೆಗೆ ಸಾಲು. ಕಚೇರಿಯವರು, ಮಂಡಿಯವರು, ಕಾಲೇಜಿನ ಹುಡುಗಿಯರು, ಅವರ ನಡುವೆ ಅಲ್ಲಲ್ಲಿ ನಮ್ಮಂಥ ಜೋಡಿಗಳು. ಜೋಡಿಗಳನ್ನು ಗುರುತಿಸುವುದು ಸುಲಭ. ಒಳ್ಳೆಯ ಬಟ್ಟೆ ತೊಟ್ಟಿರುತ್ತಾರೆ, ಹಸಿವು ಇರುವುದಿಲ್ಲ. ಒಳಗಿನಿಂದ ಹಬೆ, ಬೆಳ್ಳುಳ್ಳಿಯ ಘಮ, ಬಟ್ಟಲುಗಳ ಸದ್ದು, ಶಾವಿಗೆಯನ್ನು ಸೊರ್ರೆಂದು ಎಳೆಯುವ ಸದ್ದು. ನಮ್ಮ ಮನೆಗಳಲ್ಲಿ ಹಾಗೆ ಸದ್ದು ಮಾಡಿದರೆ ತಲೆಗೆ ಮೊಟಕುತ್ತಾರೆ. ಅಲ್ಲಿ ಸದ್ದು ಮಾಡದಿದ್ದರೆ ರುಚಿಯಾಗಲಿಲ್ಲವೇ ಎಂದು ಸುಮಿಯಮ್ಮ ಮುಖ ಸಣ್ಣದು ಮಾಡಿಕೊಳ್ಳುತ್ತಾಳೆ.

ಸಾಲಿನಲ್ಲಿ ನಿಂತಷ್ಟು ಹೊತ್ತೂ ಕುಮುದಾ ತಮ್ಮಣ್ಣನ ಮಾತನ್ನೇ ಆಡಿದಳು, ಪರೀಕ್ಷೆಗೆ ಮುಂಚೆ ಪಾಠ ಒಪ್ಪಿಸುವ ಹಾಗೆ. ಅವನಿಗೆ ಬೆಂಡೆಕಾಯಿ ಆಗುತ್ತಿರಲಿಲ್ಲ. ನಿದ್ದೆಯಲ್ಲೂ ಹಾರ್ನ್ ಹೊಡೆಯುವ ಹಾಗೆ ಕೈ ಆಡಿಸುತ್ತಿದ್ದ. ಈ ಅಂಗಡಿಗೆ ಬಂದರೆ ಸಾರನ್ನೆಲ್ಲ ಕುಡಿದು, ಬಟ್ಟಲನ್ನು ಸುಮಿಯಮ್ಮನ ಕಡೆಗೆ ಬಗ್ಗಿಸಿ 'ಮೀನು ಸಿಕ್ತು' ಎನ್ನುತ್ತಿದ್ದ. ಪ್ರತಿ ಸಲವೂ ಅದೇ ಮಾತು, ಪ್ರತಿ ಸಲವೂ ಹೊಸದೆಂಬ ಹಾಗೆ.

"ಮನೇಲೂ ಬಿಡ್ತಿರಲಿಲ್ಲ" ಎಂದಳು. "ಕಾಫಿ ಕುಡಿದು ಲೋಟ ಬಗ್ಗಿಸಿ ತೋರಿಸೋರು. 'ಇದರಲ್ಲಿ ಮೀನಿಲ್ಲ, ಇನ್ನೊಂದು ಲೋಟ ಕೊಡು' ಅನ್ನೋರು. ಎಷ್ಟು ಸಲ ಬೈದಿದ್ದೀನಿ. ಅದು ನಾಳೆ ಇರಲ್ಲ ಅಲ್ವಾ ದೇವಕಿ? ಬೈದಿದ್ದೂ ಇರಲ್ಲ."

ನಾನು ಅವಳ ಕೈ ಹಿಡಿದುಕೊಂಡೆ. ಹಿಡಿದುಕೊಂಡೇ, ನಾಚಿಕೆಯಿಲ್ಲದೆ, ಇದರಿಂದ ಪಾರಾಗುವುದು ಹೇಗೆಂದು ಯೋಚಿಸುತ್ತಿದ್ದೆ.

ಕಿಟಕಿಯ ಪಕ್ಕದ ಬೆಂಚಿನಲ್ಲಿ ಎರಡು ಜಾಗ ಸಿಕ್ಕವು. ಸುಮಿಯಮ್ಮ ನಮ್ಮನ್ನು ನೋಡಿದ ಕೂಡಲೇ ತಿಳಿದುಕೊಂಡಳು. ಸೊಂಟದ ಬಟ್ಟೆಗೆ ಕೈ ಒರೆಸಿಕೊಂಡು ಬಂದು, "ಯಾರಿಗೆ?" ಎಂದಳು.

"ನಮ್ಮ ಯಜಮಾನರಿಗೆ" ಎಂದಳು ಕುಮುದಾ. "ಬಸ್ಸಿನ ತಮ್ಮಯ್ಯ."

"ಮೀನಿನವರು" ಎಂದಳು ಸುಮಿಯಮ್ಮ. ಒಳಗೆ ಹೋಗಿ, ಒಂದೇ ಸೌಟಿನಿಂದ ಎರಡು ಬಟ್ಟಲು ತುಂಬಿಸಿ ತಂದಿಟ್ಟಳು. ಹಾಲಿನಂತೆ ಮಬ್ಬಾದ ಸಾರು, ಅದರಲ್ಲಿ ಶಾವಿಗೆ, ಅರ್ಧ ಸೀಳಿದ ಮೊಟ್ಟೆ, ಮೇಲೆ ಈರುಳ್ಳಿ ಹೂವಿನ ಚೂರುಗಳು.

ಕುಮುದಾ ಕಣ್ಣು ಮುಚ್ಚಿ ಬಟ್ಟಲಿಗೆ ಬಾಯಿಟ್ಟಳು. ನಾನು ಶಾವಿಗೆ ಎತ್ತುವ ಜೋಡಿ ಕಡ್ಡಿ ಎತ್ತಿಕೊಂಡೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾನು ಮಾಡಿಕೊಂಡ ಉಪಾಯ ಇಷ್ಟು: ಶಾವಿಗೆಯನ್ನು ಸಾರು ತೊಟ್ಟಿಕ್ಕಿಸಿ ತಿನ್ನುವುದು, ಮೊಟ್ಟೆ ತಿನ್ನುವುದು, ಸಾರನ್ನು ಹಾಗೇ ಬಿಡುವುದು. ಗದ್ದಲದಲ್ಲಿ ನನ್ನ ಬಟ್ಟಲನ್ನು ಯಾರು ಇಣುಕುತ್ತಾರೆ? ಶಾವಿಗೆಯನ್ನು ಎತ್ತಿ ಹಿಡಿದು, ಪೂರ್ತಿ ಸೋರಿದ ಮೇಲೆ ಬಾಯಿಗೆ ಹಾಕಿಕೊಂಡೆ. ಸದ್ದೇ ಬರಲಿಲ್ಲ. ಒಗೆದು ಹಿಂಡಿದ ಬಟ್ಟೆ ತಿಂದ ಹಾಗಿತ್ತು.

ಕುಮುದಾ ಮುಗಿಸಿದಳು. ಬಟ್ಟಲನ್ನು ಇಳಿಸಿ ಒಳಗೆ ನೋಡಿದಳು. ನೀಲಿ ಮೀನು ಬಾಲದಿಂದ ಮೂತಿಯವರೆಗೆ ಕಾಣುತ್ತಿತ್ತು. ಅವಳ ಮುಖದಲ್ಲಿ ಬಂದ ಸಮಾಧಾನವನ್ನು ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ. ತಿರುಗಿದ್ದೇ ತಪ್ಪಾಯಿತು. ಅವಳು ನನ್ನ ಬಟ್ಟಲನ್ನು ನೋಡಿದಳು.

"ಸಾರು ಮುಟ್ಟೇ ಇಲ್ವಲ್ಲೇ ನೀನು."

"ಬಿಸಿ ಇದೆ."

"ಹಬೆನೇ ಇಲ್ಲ." ಅವಳು ನನ್ನ ಮುಖ ನೋಡಿದಳು. ಒಂದೇ ಬೆಂಚಿನಲ್ಲಿ ಓದಿದವಳು, ನಾನು ಸುಳ್ಳು ಹೇಳುವಾಗ ಯಾವ ಕಿವಿ ಕೆಂಪಾಗುತ್ತದೆಂದು ಬಲ್ಲವಳು. ಅವಳ ಹುಬ್ಬು ಮೊದಲು ಗಂಟಾಯಿತು, ಆಮೇಲೆ ನಿಧಾನವಾಗಿ ಬಿಚ್ಚಿಕೊಂಡಿತು. "ಅದೇ ಹೋಳಿಗೆ ಊಟ" ಎಂದಳು. "ಅವನೂ ನಾಳೆಗೇ ಅಲ್ವಾ? ನಿನಗೆ ನಾಳೆಗೆ ಬಿಡುಗಡೆ."

ನಾನು ಕಡ್ಡಿ ಕೆಳಗಿಟ್ಟೆ.

"ಬೆಳಗ್ಗೇನೇ ಹೇಳಬಾರದಿತ್ತಾ?" ಎಂದಳು. ಕೈ ಚಾಚಿ ನನ್ನ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. "ಬೇಡ ಬಿಡು. ಕುಡೀಬೇಡ."

"ಇಬ್ಬರೂ ಕುಡೀಬೇಕು ಕಣೇ. ಇಲ್ಲದಿದ್ರೆ ತಮ್ಮಣ್ಣ..."

"ಗೊತ್ತು. ಆದರೆ ಅವನನ್ನ ನಿನ್ನ ತಲೇಲಿ ಇನ್ನೊಂದು ವರ್ಷ ಕೂರಿಸಿ ನಾನು ಇವರನ್ನ ಇಟ್ಕೊಂಡ್ರೆ, ಇವರು ಒಪ್ತಾರಾ? ಅವತ್ತು ಎಲೆ ಮುಂದೆ ಏನಂದ್ರು ಅಂತ ನಿನಗೂ ಗೊತ್ತು." ಅಳುತ್ತಿರಲಿಲ್ಲ ಅವಳು. ಗಲ್ಲದ ಮೇಲಿನ ಬೆವರನ್ನು ಸೆರಗಿನಿಂದ ಒರೆಸಿಕೊಂಡಳು. "ನಾಳೆ ನನಗೆ ಏನೂ ಗೊತ್ತಿರಲ್ಲ. ನೋವಾಗೋಕೆ ನೆನಪಾದರೂ ಇರಬೇಕಲ್ಲ. ಏಳು, ಹೋಗೋಣ."

ಸಾಲಿನಲ್ಲಿ ನಿಂತಿದ್ದ ದಪ್ಪ ಮನುಷ್ಯರೊಬ್ಬರು ನಮ್ಮ ಬೆನ್ನ ಹಿಂದೆ ಬಗ್ಗಿ, "ಆಯ್ತೇನಮ್ಮಾ?" ಎಂದರು. ಅವರ ತಪ್ಪಲ್ಲ, ಹಸಿದಿದ್ದರು.

ನಾನು ಆ ಬಟ್ಟಲನ್ನೇ ನೋಡುತ್ತಿದ್ದೆ. ಮಧುಕರನನ್ನು ಮರೆಯಬೇಕೆಂದು ವರ್ಷವಿಡೀ ಹಂಬಲಿಸಿದ್ದೆನಲ್ಲ, ಆ ಮರೆವಿನಲ್ಲಿ ತಮ್ಮಣ್ಣನ ಆ ಮಾತೂ ಹೋಗುತ್ತಿತ್ತು. ಅಣಕ ಮರೆತರೆ ಅದನ್ನು ತಡೆದವನೂ ಮರೆತುಹೋಗುತ್ತಾನೆ. ನನ್ನ ಪರವಾಗಿ ಜೀವನದಲ್ಲಿ ಒಬ್ಬ ಮನುಷ್ಯ ಊಟದ ನಡುವೆ ಕೈ ನಿಲ್ಲಿಸಿದ್ದ. ಅದು ಗೊತ್ತಿಲ್ಲದೆ ಹಗುರವಾಗಿ ನಾಳೆ ಏಳುವುದು ನನಗೆ ಬೇಡವಾಯಿತು. ಇನ್ನು ಕುಮುದಾ, ಕೈಗೆ ಬಂದ ಗಂಡನನ್ನು ನನಗಾಗಿ ಕೈಬಿಟ್ಟು ಎದ್ದು ನಿಂತಿದ್ದಳು. ಇಂಥವರ ನಡುವೆ ಬದುಕಿದ್ದಕ್ಕೆ ಏನಾದರೂ ಹೊರೆ ಹೊರಬೇಕಾದರೆ ಹೊತ್ತರಾಯಿತು ಎನ್ನಿಸಿತು.

"ಕೂತ್ಕೊಳೇ" ಎಂದೆ. ಬಟ್ಟಲನ್ನು ವಾಪಸ್ ಎಳೆದುಕೊಂಡು ಎರಡೂ ಕೈಯಲ್ಲಿ ಎತ್ತಿದೆ. ಸಾರು ಆರಿತ್ತು, ಮೇಲೆ ಜಿಡ್ಡು ಕೆನೆಗಟ್ಟಿತ್ತು. ಬಹಳ ದಿನವಾಗಿದ್ದರೂ ಆ ರುಚಿಯನ್ನು ಬಾಯಿ ಮರೆತಿರಲಿಲ್ಲ. ತಮ್ಮಣ್ಣನನ್ನು ನೆನೆದುಕೊಂಡು ಕುಡಿದೆ. ಮಧುಕರನೂ ಬಂದ, ಬರಲಿ ಎಂದು ಕುಡಿದೆ. ಬೇಕೆಂತಲೇ ಸೊರ್ರೆಂದು ಸದ್ದು ಮಾಡಿದೆ, ದಪ್ಪ ಮನುಷ್ಯರು ಅರ್ಧ ಹೆಜ್ಜೆ ಹಿಂದೆ ಸರಿಯುವಷ್ಟು. ಮೀನಿನ ಬಾಲ ಕಂಡಿತು, ಹೊಟ್ಟೆ ಕಂಡಿತು, ಮೂತಿ ಕಂಡಿತು.

ಸುಮಿಯಮ್ಮ ಬಂದು ಎರಡೂ ಬಟ್ಟಲುಗಳ ಒಳಗೆ ನೋಡಿದಳು, ತಲೆ ಬಗ್ಗಿಸಿ ನಮಗೆ ವಂದಿಸಿದಳು, ದಪ್ಪ ಮನುಷ್ಯರಿಗೆ ಜಾಗ ತೋರಿಸಿದಳು. ಬೀದಿಯ ತಿರುವಿನವರೆಗೆ ಕುಮುದಾ ನನ್ನ ತೋಳು ಬಿಡಲಿಲ್ಲ.

ಮರುದಿನ ಬೆಳಗ್ಗೆ ಎಚ್ಚರವಾದಾಗ ಕಣ್ಣು ತೆರೆಯಲು ಹೆದರಿ ಹಾಸಿಗೆಯಲ್ಲೇ ಬಿದ್ದುಕೊಂಡಿದ್ದೆ. ಯಾರಿಗೆ ಹೆದರುತ್ತಿದ್ದೇನೆ ಎಂದು ಕೇಳಿಕೊಂಡೆ. ಕೇಳಿಕೊಂಡ ಕೂಡಲೇ, ಕರೆಯದೆ ಬಂದ ನೆಂಟನ ಹಾಗೆ, ಮಧುಕರ ಬಂದ. ಅದೇ ಕಿರಿದಾದ ಕಣ್ಣು, ಅದೇ ಸೀಳಿದ ಹುಬ್ಬು, ನನ್ನ ನಗುವನ್ನು ಅಣಕಿಸಲು ಮೇಲೆತ್ತಿದ ಅದೇ ಗದ್ದ. ಒಂದು ಕೂದಲೂ ಕೊಂಕಿರಲಿಲ್ಲ.

ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಅವನು ಇದ್ದಾನೆಂದರೆ ಹಂಡೆ ಸುಳ್ಳಾಡಿಲ್ಲ. ಅವನು ಇದ್ದಾನೆಂದರೆ ತಮ್ಮಣ್ಣನೂ ಇದ್ದಾನೆ. ಹುಡುಕಿದೆ, ಇದ್ದ, ತುಪ್ಪದ ಕೈಯನ್ನು ಎಲೆಯ ಮೇಲಿಟ್ಟುಕೊಂಡು. ಚಪ್ಪಲಿ ಸಿಕ್ಕಿಸಿಕೊಂಡು ಕುಮುದಾಳ ಮನೆಗೆ ಓಡಿದೆ. ದಾರಿಯಲ್ಲಿ ಅನುಮಾನ ಬಂತು. ನನಗೆ ಫಲಿಸಿದ್ದು ಅವಳಿಗೂ ಫಲಿಸಿರಲೇಬೇಕೆ?

ಕೇಳುವ ಹಾಗೂ ಇರಲಿಲ್ಲ. ಗಡುವಿನ ಮಾರನೆಯ ದಿನ ಸತ್ತವರ ಹೆಸರನ್ನು ನಾವಾಗಿ ಎತ್ತಬಾರದು, ನಮ್ಮ ಊರಿನಲ್ಲಿ ಅದು ಅನ್ಯಾಯ. ಮರೆತವರಿಗೆ ಮರೆತ ಸುದ್ದಿಯನ್ನು ಬೆಳ್ಳಂಬೆಳಗ್ಗೆ ಕೊಟ್ಟ ಹಾಗಾಗುತ್ತದೆ. ಅವರೇ ಎತ್ತುವವರೆಗೆ ಕಾಯಬೇಕು. ಕುಮುದಾ ಬಾಗಿಲು ತೆಗೆದಳು. ತಲೆ ಬಾಚಿಕೊಂಡಿದ್ದಳು, ಮುಖ ಶಾಂತವಾಗಿತ್ತು. ಮರೆತವರ ಮುಖವೂ ಹೀಗೇ ಶಾಂತವಾಗಿರುತ್ತದೆ.

"ಬಾ, ಕಾಫಿ ಕುಡಿಯೋಣ" ಎಂದಳು.

ಅಡುಗೆಮನೆಯಲ್ಲಿ ಎದುರುಬದುರು ಕೂತು ಕುಡಿದೆವು. ಹಾಲಿನವನು ನೀರು ಬೆರೆಸುತ್ತಾನೆ ಎಂದಳು. ಹೌದು ಎಂದೆ. ಕಿಟಕಿಯ ಪರದೆ ಒಗೆಯಬೇಕು ಎಂದಳು. ಹೌದು ಎಂದೆ. ಗೋಡೆಯ ಮೇಲೆ ತಮ್ಮಣ್ಣನ ಫೋಟೋ ಇತ್ತು, ಅವಳು ಅದರ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ಹಂಡೆ ನನ್ನೊಬ್ಬಳಿಗೆ ಕೆಲಸ ಮಾಡಿತೇ, ನನಗೆ ಬೇಡದವನನ್ನು ಕೊಟ್ಟು ಅವಳಿಗೆ ಬೇಕಾದವನನ್ನು ಕಿತ್ತುಕೊಂಡಿತೇ ಎಂದು ಮನಸ್ಸು ಉರಿಯತೊಡಗಿತು.

ಕುಮುದಾ ತನ್ನ ಕಾಫಿಯ ಕಡೆಯ ಗುಟುಕು ಕುಡಿದಳು. ಲೋಟದೊಳಗೆ ಗಮನವಿಟ್ಟು ನೋಡಿದಳು. ಆಮೇಲೆ ಲೋಟವನ್ನು ನನ್ನ ಕಡೆಗೆ ಬಗ್ಗಿಸಿ ತೋರಿಸಿದಳು.

"ಇದರಲ್ಲಿ ಮೀನಿಲ್ಲ ಕಣೇ" ಎಂದಳು.

ನನಗೆ ನಗು ಬಂತು. ತಡೆಯಲು ಹೋದೆ, ಆಗಲಿಲ್ಲ. ಅವಳೂ ಶುರು ಮಾಡಿದಳು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತಿದ್ದರೂ ನಗುತ್ತಿದ್ದಳು. ನಕ್ಕು ನಕ್ಕು ಸಾಕಾಗಿ ನಾನು ಉಸಿರನ್ನು ಒಳಕ್ಕೆ ಎಳೆದುಕೊಂಡಾಗ ಕೈಪಂಪು ಜೋರಾಗಿ ಸದ್ದು ಮಾಡಿತು. ಮಧುಕರನ ಅಣಕ ನೆನಪಿನಲ್ಲಿ ಹಾಗೇ ಇತ್ತು, ಆದರೂ ಇದು ಅವನು ಮಾಡುವ ಸದ್ದಿನ ಹಾಗೆ ಕೇಳಲಿಲ್ಲ, ನನ್ನದರ ಹಾಗೇ ಕೇಳಿತು.

ಕುಮುದಾ ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೊಂದು ಲೋಟ ಕಾಫಿಗೆ ನೀರಿಟ್ಟಳು.